ತೋಫು ಅಂಗಡಿಯ ಅಜ್ಜಿ ಹಾಕಿದ ಷರತ್ತು

ನನ್ನ ಗಂಡ ಕುಡಿದು ಸೈಕಲ್ ತುಳಿದು ಒಬ್ಬ ಅಜ್ಜಿಯ ಕೈ ಮುರಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಇದೇ ಗಂಡನನ್ನು ಹೊಗಳುವುದಿದೆ. ಹೊಗಳುವಾಗ ಯಾರೂ "ಪಾಪ, ಗಂಡನ ತಪ್ಪಿಗೆ ಸೆರಗು ಹೊದಿಸುತ್ತಿದ್ದಾಳೆ" ಅಂದುಕೊಳ್ಳಬಾರದು. ಸೆರಗು ಹೊದಿಸುವ ಜಾಯಮಾನ ನನ್ನದಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಯಾರನ್ನು ಬೇಕಾದರೂ ಕೇಳಿ, ನನ್ನ ದನಿ ಎಷ್ಟು ಮಹಡಿಯವರೆಗೆ ಕೇಳಿಸುತ್ತದೆಂದು ಹೇಳುತ್ತಾರೆ.

ಅದು ಏಪ್ರಿಲ್, ನಾವಿರುವ ಜಪಾನಿನಲ್ಲಿ ಚೆರ್ರಿ ಹೂ ಬಿಡುವ ಕಾಲ. ಇವರ ಆಫೀಸಿನವರೆಲ್ಲ ಎಡೋಗಾವಾ ಕಡೆಯ ಒಂದು ಪಾರ್ಕಿನಲ್ಲಿ ನೀಲಿ ಟಾರ್ಪಾಲು ಹಾಸಿ, ಹೂ ನೋಡುವ ನೆಪದಲ್ಲಿ ಬೆಳಿಗ್ಗೆಯಿಂದಲೇ ಕುಡಿಯಲು ಕೂತಿದ್ದರು. ಉಳಿದವರು ಹೂವನ್ನೂ ಸ್ವಲ್ಪ ನೋಡಿರಬೇಕು. ಇವರು ನೋಡಿರಲಾರರು. ಆ ಹೊತ್ತಿಗೆ ಇವರ ಕುಡಿತ ಪಾರ್ಟಿಯನ್ನು ದಾಟಿ ಬಹಳ ದೂರ ಬಂದಿತ್ತು. ಕೊಂಬಿನಿ ಅಂಗಡಿಯಿಂದ ತಂದ ಬಿಯರ್ ಡಬ್ಬಿಗಳು ನಮ್ಮ ಚಪ್ಪಲಿ ಕಪಾಟಿನಲ್ಲಿ, ಮಗಳ ಹಳೆಯ ಬೂಟಿನ ಹಿಂದೆ ಸಿಗುತ್ತಿದ್ದವು. ಸಿಕ್ಕಾಗೆಲ್ಲ ಕೂಗಾಡುತ್ತಿದ್ದೆ. ಇವರು ಇನ್ನು ಮುಟ್ಟುವುದಿಲ್ಲ ಅನ್ನುತ್ತಿದ್ದರು. ಇಬ್ಬರಿಗೂ ಅದು ಅಭ್ಯಾಸವಾಗಿಹೋಗಿತ್ತು.

ಅವತ್ತು ಮಧ್ಯಾಹ್ನ ಇವರು ಹೊಳೆಯ ಸೇತುವೆ ದಾಟಿ ನಮ್ಮ ಮನೆಯಿರುವ ಗ್ಯೋಟೋಕುವಿಗೆ ಬಂದು, ನಮ್ಮ ರಸ್ತೆಯ ತಿರುವಿನಲ್ಲಿರುವ ತೋಫು ಅಂಗಡಿಗೆ ಸೈಕಲ್ ಸಮೇತ ನುಗ್ಗಿದರು. ಅಂಗಡಿಯ ಅಜ್ಜಿ ಹೊರಗೆ ನೀರು ಚಿಮುಕಿಸುತ್ತಾ ನಿಂತಿದ್ದರಂತೆ. ಅವರ ಮಣಿಕಟ್ಟು ಮುರಿಯಿತು, ಗಾಜಿನ ಫ್ರಿಜ್ ಒಡೆಯಿತು, ಅಂಗಡಿ ಜುಲೈವರೆಗೆ ಮುಚ್ಚಿತು. ಇವರಿಗೆ ಮೊಣಕೈ ತರಚಿತ್ತು, ಅಷ್ಟೇ. ನಾನು ಆ ಅಂಗಡಿಯಲ್ಲೇ ವಾರಕ್ಕೊಮ್ಮೆ ತೋಫು ಕೊಳ್ಳುತ್ತಿದ್ದವಳು. ಆಮೇಲೆ ಎಷ್ಟೋ ದಿನ ಸ್ಟೇಷನ್ನಿಗೆ ಹೋಗಬೇಕಾದರೆ ಹಿಂದಿನ ಬೀದಿಯಿಂದ ಸುತ್ತಿ ಹೋಗುತ್ತಿದ್ದೆ.

ಕುಡಿದು ಸೈಕಲ್ ಹೊಡೆದದ್ದಕ್ಕೆ ಸರ್ಕಾರ ಹಾಕಿದ ದಂಡ ಬೇರೆ. ಅದರಲ್ಲಿ ಒಂದು ಯೆನ್ ಕಡಿಮೆ ಮಾಡಿ ಎಂದು ಕೇಳುವ ಹಾಗಿಲ್ಲ, ಕಟ್ಟಿದೆವು. ಅಜ್ಜಿಗೆ ಕೊಡಬೇಕಾದ ಪರಿಹಾರದ ವಿಷಯ ಇಚಿಕಾವಾದ ಸಣ್ಣ ಕೋರ್ಟಿಗೆ ಹೋಯಿತು. ಸೈಕಲ್ಲಿಗೂ ಇನ್ಶೂರೆನ್ಸ್ ಮಾಡಿಸಬೇಕೆಂದು ಊರಿನಲ್ಲಿ ಯಾರು ಕೇಳಿದ್ದರು? ನಾವು ಮಾಡಿಸಿರಲಿಲ್ಲ. ಆಸ್ಪತ್ರೆ ಖರ್ಚು, ಫ್ರಿಜ್ಜು, ಮುಚ್ಚಿದ ಅಂಗಡಿಯ ನಷ್ಟ ಎಲ್ಲ ಕೂಡಿಸಿದಾಗ ಬಂದ ಮೊತ್ತ ನೋಡಿ ನನಗೆ ನೆನಪಾದದ್ದು ಮೈಸೂರಿನಲ್ಲಿ ನಾವು ಕೊಂಡಿಟ್ಟಿದ್ದ ಸೈಟು. ಪೂರ್ತಿ ಕಟ್ಟಬೇಕೆಂದರೆ ಅದನ್ನು ಮಾರದೆ ಬೇರೆ ದಾರಿ ಇರಲಿಲ್ಲ.

ಕೋರ್ಟು ಅಂದರೆ ನಾನು ಕಟಕಟೆ, ಕರಿ ಕೋಟು ಎಲ್ಲ ಊಹಿಸಿಕೊಂಡು ಹೋಗಿದ್ದೆ. ಇಂಥ ವ್ಯವಹಾರಕ್ಕೆ ಇಲ್ಲಿ ರಾಜಿ ಕೋಣೆ. ಒಂದು ಉದ್ದನೆಯ ಮೇಜು, ಅದರ ಹಿಂದೆ ರಾಜಿ ಮಾಡಿಸುವ ಇಬ್ಬರು ಹಿರಿಯರು, ಒಬ್ಬ ಗಂಡಸು ಒಬ್ಬ ಹೆಂಗಸು. ನಾವು ಒಂದು ಕೋಣೆಯಲ್ಲಿ ಕಾಯಬೇಕು, ಅಜ್ಜಿ ಮತ್ತು ಅವರ ಅಳಿಯ ಇನ್ನೊಂದರಲ್ಲಿ. ಒಬ್ಬರಾದ ಮೇಲೆ ಒಬ್ಬರನ್ನು ಕರೆದು ಕೇಳುತ್ತಾರೆ. ಎದುರಾಳಿಯ ಮುಖವನ್ನೇ ನೋಡಬೇಕಾಗಿಲ್ಲ. ಜಗಳಕ್ಕೆಂದು ಸಜ್ಜಾಗಿ ಹೋದ ನನಗೆ ಜಗಳವಾಡಲು ಒಬ್ಬರೂ ಸಿಗದೆ ಹೊಟ್ಟೆಯುರಿಯಿತು.

ಆ ಹಿರಿಯ ಹೆಂಗಸು ಇವರನ್ನು ಹಣದ ವಿಷಯ ಕೇಳುವ ಮೊದಲು, "ಕುಡಿತಕ್ಕೆ ಏನು ಮಾಡುತ್ತಿದ್ದೀರಿ?" ಎಂದು ಕೇಳಿದರು. ಇವರು ಆಗಲೇ ಒಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದರು. ಒಂದು ವರ್ಷದ ಚಿಕಿತ್ಸೆ, ವಾರವಾರ ಹೋಗಬೇಕು, ದಿನಾ ಬೆಳಿಗ್ಗೆ ಔಷಧಿ ಕುಡಿಯಬೇಕು. ಆ ಔಷಧಿ ಹೊಟ್ಟೆಯಲ್ಲಿದ್ದಾಗ ಮದ್ಯ ಸ್ವಲ್ಪ ಒಳಗೆ ಹೋದರೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಸಾಕಪ್ಪಾ ಸಾಕು ಅನ್ನಿಸುತ್ತದೆ. ಇಷ್ಟನ್ನೂ ಇವರು ಮುಚ್ಚುಮರೆಯಿಲ್ಲದೆ ಹೇಳಿದರು. ಆಕೆ ಬರೆದುಕೊಂಡು, ನಮ್ಮನ್ನು ಹೊರಗೆ ಕೂರಿಸಿ, ಅಜ್ಜಿಯನ್ನು ಒಳಗೆ ಕರೆದರು.

ಇನ್ನೊಂದು ಸಲ ಹೋದಾಗ ಅಜ್ಜಿಯ ಷರತ್ತು ನಮ್ಮ ಮುಂದೆ ಬಂತು. ಅರ್ಧ ಹಣವನ್ನು ಒಂದು ವರ್ಷದೊಳಗೆ ತಿಂಗಳು ತಿಂಗಳು ಕಟ್ಟಬೇಕು. ಬ್ಯಾಂಕಿಗೆ ಹಾಕುವಂತಿಲ್ಲ. ಪ್ರತಿ ತಿಂಗಳ ಮೊದಲ ಶನಿವಾರ ಬೆಳಗಿನ ಆರು ಗಂಟೆಗೆ ಇವರೇ ಅಂಗಡಿಗೆ ಬಂದು ಕೈಗೆ ಕೊಡಬೇಕು. ಚಿಕಿತ್ಸೆ ಮುಗಿಸಿದೆನೆಂದು ಆಸ್ಪತ್ರೆಯ ಪ್ರಮಾಣಪತ್ರ ತಂದರೆ ಉಳಿದರ್ಧ ಬಿಟ್ಟುಬಿಡುತ್ತಾರೆ. ಮಧ್ಯೆ ಒಂದು ತೊಟ್ಟು ಮದ್ಯ ಒಳಗೆ ಹೋದರೂ ಪೂರ್ತಿ ಹಣ.

"ಶನಿವಾರ ಬೆಳಗ್ಗೆ ಆರಕ್ಕೇ ಯಾಕಂತೆ?" ಎಂದು ನಾನು ಕನ್ನಡದಲ್ಲಿ ಇವರನ್ನು ಕೇಳಿದೆ.

"ಶುಕ್ರವಾರ ಕುಡಿದಿದ್ರೆ ಶನಿವಾರ ಆರಕ್ಕೆ ಮುಖದಲ್ಲಿ ಗೊತ್ತಾಗತ್ತೆ ಕಣೇ. ಅದಕ್ಕೇ," ಅಂದರು.

"ಇದೇನು ರಾಜೀನೋ, ಹೆಡ್‌ಮಾಸ್ಟ್ರು ಕೊಟ್ಟ ಶಿಕ್ಷೆನೋ?"

ಇವರು ಆ ಇಬ್ಬರು ಹಿರಿಯರ ಕಡೆ ತಿರುಗಿ ತಲೆ ಬಾಗಿಸಿ, ಒಪ್ಪಿದೆ ಎಂದುಬಿಟ್ಟರು. ನನ್ನನ್ನು ಒಂದು ಮಾತು ಕೇಳಬೇಡವೇ? ರೈಲಿನಲ್ಲಿ ಮನೆ ತಲುಪುವವರೆಗೆ ಮುಖ ಊದಿಸಿಕೊಂಡೇ ಕೂತಿದ್ದೆ. ಆದರೆ ಒಳಗೊಳಗೆ ಅಜ್ಜಿಯ ಜಾಣತನಕ್ಕೆ ಭೇಷ್ ಅನ್ನುತ್ತಿದ್ದೆ. ವರ್ಷಗಟ್ಟಲೆ ಚಪ್ಪಲಿ ಕಪಾಟು ತಡಕಿದ ನನಗೆ ಶನಿವಾರ ಬೆಳಗಿನ ಮುಖ ನೋಡುವ ಉಪಾಯ ಹೊಳೆದಿರಲಿಲ್ಲ.

ಚಿಕಿತ್ಸೆ ಅಂದರೆ ಆಸ್ಪತ್ರೆ ಮಾತ್ರವಲ್ಲ. ಕುಡಿತ ಬಿಟ್ಟವರ ಒಂದು ಸಂಘಕ್ಕೂ ಹೋಗಬೇಕಿತ್ತು, ಮತ್ತು ಅಲ್ಲಿಗೆ ಹೆಂಡತಿಯೂ ಬರುವುದು ರೂಢಿಯಂತೆ. ವಾರ್ಡಿನ ಸಮುದಾಯ ಭವನದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಸುತ್ತ ಕೂರುತ್ತಾರೆ. ಒಬ್ಬೊಬ್ಬರೇ ಎದ್ದು ತಮ್ಮ ಕಥೆ ಹೇಳುತ್ತಾರೆ. ಹೇಳಿದವರು ಹೇಳಿ ಮುಗಿಸಬೇಕು, ಕೇಳಿದವರು ಕೇಳಿ ಸುಮ್ಮನಿರಬೇಕು. ಬುದ್ಧಿ ಹೇಳುವಂತಿಲ್ಲ, ಅಯ್ಯೋ ಪಾಪ ಅನ್ನುವಂತಿಲ್ಲ, ಮಧ್ಯೆ ಬಾಯಿ ಹಾಕುವಂತಿಲ್ಲ. ನಮ್ಮ ಕಡೆಯ ಒಬ್ಬ ಮನುಷ್ಯನನ್ನು ತಂದು ಅಲ್ಲಿ ಕೂರಿಸಿದರೆ ಉಸಿರು ಕಟ್ಟಿ ಸಾಯುತ್ತಾನೆ. ನನಗೂ ಹಾಗೇ ಆಯಿತು. ಒಬ್ಬ ಗಂಡಸು ಹೆಂಡತಿಯ ಬಳೆ ಅಡವಿಟ್ಟು ಕುಡಿದದ್ದನ್ನು ಹೇಳುತ್ತಿದ್ದರೆ, ಪಕ್ಕದಲ್ಲೇ ಕೂತ ಆ ಹೆಂಡತಿಯ ಪರವಾಗಿ ನಾಲ್ಕು ಮಾತು ಬೈಯಲು ನನ್ನ ನಾಲಿಗೆ ತುರಿಸುತ್ತಿತ್ತು.

ನನ್ನ ಸರದಿ ಬಂದಾಗ ಮಗಳ ಸ್ಕೂಲಿನ ಮೀಟಿಂಗುಗಳಲ್ಲಿ ಕಲಿತ ಹರುಕು ಜಪಾನೀಸಿನಲ್ಲಿ ಹೇಳಿದೆ: ಇವರು ಕುಡಿಯುತ್ತಾರೆ, ನಾನು ಬೈಯುತ್ತೇನೆ, ಇವರು ಇನ್ನಷ್ಟು ಕುಡಿಯುತ್ತಾರೆ, ನಾನು ಇನ್ನಷ್ಟು ಬೈಯುತ್ತೇನೆ. ಅಷ್ಟು ಹೇಳಿ ಕೂತೆ. ಯಾರೂ ಏನೂ ಅನ್ನಲಿಲ್ಲ. ನನ್ನ ಮದುವೆಯಾದ ಮೇಲೆ ನಾನು ಹೇಳಿದ್ದಕ್ಕೆ ಯಾರೂ ಎದುರುತ್ತರ ಕೊಡದೆ ಕೇಳಿಸಿಕೊಂಡದ್ದು ಅದೇ ಮೊದಲು. ಮುಂದಿನ ವಾರ ಇವರಿಗಿಂತ ಮೊದಲೇ ಹೊರಟು ನಿಂತಿದ್ದೆ.

ಮೊದಲ ಕಂತಿನ ಶನಿವಾರ ಇವರ ಹಿಂದೆಯೇ ನಾನೂ ಹೋದೆ. ಅಂಗಡಿ ಆಗಲೇ ತೆರೆದಿತ್ತು, ಒಳಗೆ ಸೋಯಾ ಬೇಯುವ ಬಿಸಿ ಹಬೆ. ಅಜ್ಜಿ ಲಕೋಟೆ ತೆಗೆದುಕೊಂಡು ಬಿಚ್ಚಿ ನೋಡದೆ ಪಕ್ಕಕ್ಕಿಟ್ಟರು. ನೋಡಿದ್ದು ಇವರ ಮುಖವನ್ನು. ಹಣೆ, ಕಣ್ಣು, ತುಟಿ, ಕೈ ನಡುಗುತ್ತಿದೆಯೇ ಇಲ್ಲವೇ. ಡಾಕ್ಟರೂ ಅಷ್ಟು ಹೊತ್ತು ನೋಡುವುದಿಲ್ಲ. ಆಮೇಲೆ "ಹ್ಞೂಂ" ಅಂದರು, ಅಷ್ಟೇ. ಬಂದ ತಪ್ಪಿಗೆ ತೋಫು ಕೊಂಡೆವು. ಹೀಗೆ ತಿಂಗಳು ತಿಂಗಳೂ ತೋಫು ಬಂದು, ನಾನು ಅದನ್ನು ಹುಳಿಗೆ ಹಾಕಿ, ಪಲ್ಯ ಮಾಡಿ, ಕೊನೆಗೆ ಪಕೋಡ ಕರಿದು ಖರ್ಚು ಮಾಡುತ್ತಿದ್ದೆ. ಮಗಳು ಮಾತ್ರ "ಅಮ್ಮಾ, ನಾಟ್ ಅಗೇನ್" ಅನ್ನುತ್ತಿದ್ದಳು.

ಚಳಿಗಾಲ ಕಳೆಯಿತು, ಮತ್ತೆ ಹೂ ಬಿಟ್ಟವು. ಆಫೀಸಿನವರು ಟಾರ್ಪಾಲು ಹಾಸಿದ ದಿನ ಇವರು ಮಗಳನ್ನು ಕರೆದುಕೊಂಡು ಈಜುಕೊಳಕ್ಕೆ ಹೋದರು. ದಿನಾ ಬೆಳಿಗ್ಗೆ ಔಷಧಿಯ ಚಿಕ್ಕ ಲೋಟ ಹಿಡಿದು ನನ್ನ ಎದುರಿಗೇ ನಿಂತು ಕುಡಿದು, ಖಾಲಿಯಾದ ಲೋಟ ತೋರಿಸುತ್ತಿದ್ದರು. ಇಷ್ಟು ದೊಡ್ಡ ಮನುಷ್ಯ, ಹತ್ತಾರು ಜನರ ಟೀಮಿಗೆ ಲೀಡು, ಹೆಂಡತಿಯ ಮುಂದೆ ಹಾಗೆ ಲೋಟ ತೋರಿಸಿ ನಿಲ್ಲುವುದು ಸಣ್ಣ ಮಾತಲ್ಲ. ನನಗೇ ನೋಡಲಾಗದೆ, "ಆಯ್ತು ಬಿಡ್ರೀ, ನಂಬಿದೀನಿ" ಅಂದರೆ, "ನೀನು ನಂಬಬೇಡ, ನೋಡು" ಅನ್ನುತ್ತಿದ್ದರು.

ಚಿಕಿತ್ಸೆ ಮುಗಿಯಲು ಎರಡು ತಿಂಗಳೂ ಉಳಿದಿರಲಿಲ್ಲ, ಆಗಸ್ಟಿನ ಬೇಗೆ. ಓಬೋನ್ ಎಂಬ ಪಿತೃಹಬ್ಬದ ರಜೆಗೆ ನಾರಾ ಕಡೆಯ ತನ್ನ ಊರಿಗೆ ಹೋಗಿದ್ದ ಕೆಳಗಿನ ಮನೆಯಾಕೆ ಬರುವಾಗ ನಮಗೂ ಒಂದು ಪೊಟ್ಟಣ ತಂದುಕೊಟ್ಟರು. ಬಿಚ್ಚಿದರೆ ಕಂದು ಬಣ್ಣದ, ಹೊಳೆಯುವ ದಪ್ಪ ಹೋಳುಗಳು. ಏನಿದು ಎಂದರೆ, ನಾರಾ ಉಪ್ಪಿನಕಾಯಿ ಅಂದರು. ಉಪ್ಪಿನಕಾಯಿ ಅಂದಮೇಲೆ ಮುಗಿಯಿತು. ಉಪ್ಪಿನಕಾಯಿಯ ಬಗ್ಗೆ ಹೆಚ್ಚಿಗೆ ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ.

ಮಧ್ಯಾಹ್ನ ಮೊಸರನ್ನ ಕಲಸಿದ್ದೆ. ಊರಿಂದ ತಂದ ಮಾವಿನಕಾಯಿಯದು ಮುಗಿದು ಎಷ್ಟೋ ದಿನವಾಗಿತ್ತು. ನನಗೆ ಆ ಸಿಹಿ ಹಿಡಿಸಲಿಲ್ಲ, ಮಗಳು ಮೂಸಿ ನೋಡಿ ದೂರ ತಳ್ಳಿದಳು. ಇವರು ಮಾತ್ರ, "ಸಖತ್ತಾಗಿದೆ ಕಣೇ" ಎನ್ನುತ್ತಾ ಅನ್ನದಷ್ಟೇ ಹೋಳು ಹಾಕಿಕೊಂಡು ಪೂರ್ತಿ ತಿಂದರು. ಕೈ ತೊಳೆದು ಬರುವಷ್ಟರಲ್ಲಿ ಮುಖ, ಕಿವಿ, ಕತ್ತು ಕೆಂಪಗಾಗಿ, ಕುರ್ಚಿ ಹಿಡಿದು ನಿಂತರು. ಹತ್ತಿರ ಹೋದರೆ ಬಾಯಲ್ಲಿ ಮದ್ಯದ ವಾಸನೆ.

ನನಗೆ ಏನು ಅನ್ನಿಸಿರಬೇಕು ಹೇಳಿ. "ಎಲ್ಲಿಟ್ಟಿದೀರಿ? ತೆಗೀರಿ ಆಚೆಗೆ!" ಎಂದು ಕಿರುಚುತ್ತಾ ಚಪ್ಪಲಿ ಕಪಾಟು, ಬಚ್ಚಲು, ಸಿಂಕಿನ ಕೆಳಗೆ ಎಲ್ಲ ಕಿತ್ತು ಹರಡಿದೆ. ಇವರು ಏದುಸಿರು ಬಿಡುತ್ತಾ, "ಕುಡಿದಿಲ್ಲ ಕಣೇ... ಆಣೆಗೂ ಇಲ್ಲ" ಅನ್ನುತ್ತಿದ್ದರು. ಮಗಳು ಅಳಲು ಶುರುಮಾಡಿದಳು. ಏನೂ ಸಿಗಲಿಲ್ಲ. ಎದೆಬಡಿತ ನೋಡಿ ಹೆದರಿಕೆಯಾಗಿ ಆಸ್ಪತ್ರೆಗೆ ಫೋನು ಮಾಡಿದೆ.

ನರ್ಸು ಕೇಳಿದ ಮೊದಲ ಪ್ರಶ್ನೆಯೇ ಏನು ತಿಂದರು ಎಂದು. ಅನ್ನ, ಮೊಸರು ಎಂದು ಹೇಳುತ್ತಾ ಕಂದು ಹೋಳಿನ ವಿಷಯಕ್ಕೆ ಬಂದೆ. ಆಕೆ "ಅಯ್ಯೋ" ಅಂದರು, ಜಪಾನೀಸಿನಲ್ಲಿ. ಸಾಕೆ ಎಂಬ ಅಕ್ಕಿಯ ಮದ್ಯ ತಯಾರಿಸಿದ ಮೇಲೆ ಉಳಿಯುವ ಗಸಿಯಲ್ಲಿ ತರಕಾರಿ ಹೂತಿಟ್ಟು ವರ್ಷಗಟ್ಟಲೆ ಮಾಗಿಸಿದ ಉಪ್ಪಿನಕಾಯಿ ಅದು. ಇಲ್ಲಿಯವರು ಊಟದ ಕೊನೆಗೆ ಒಂದೆರಡು ತೆಳು ಹೋಳು ತಿನ್ನುತ್ತಾರೆ. ನಾವು ತಿಂದ ಹಾಗೆ ಯಾರೂ ತಿನ್ನುವುದಿಲ್ಲ. ಮಲಗಿಸಿ, ನೀರು ಕೊಡಿ, ಹೆಚ್ಚಾದರೆ ಕರೆತನ್ನಿ, ಇದನ್ನು ನಾವು ಕುಡಿತ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು. ಸಂಜೆಯ ಹೊತ್ತಿಗೆ ಮುಖದ ಬಣ್ಣ ಇಳಿಯಿತು. ನಾನು ಕಪಾಟಿನ ಮುಂದೆ ಕೂತು ಚಪ್ಪಲಿಗಳನ್ನು ಜೋಡಿಸಿದೆ.

ಆಗ ಇವರು ಶುರುಮಾಡಿದರು. "ಶನಿವಾರ ಅಜ್ಜಿಗೆ ಹೇಳ್ಬೇಕು."

"ಹೇಳಕ್ಕೇನಿದೆ? ನರ್ಸೇ ಕೌಂಟ್ ಆಗಲ್ಲ ಅಂದ್ರಲ್ಲ."

"ಆಸ್ಪತ್ರೆಗೆ ಕೌಂಟ್ ಆಗಲ್ಲ. ಕೋರ್ಟಲ್ಲಿ ಒಪ್ಪಿದ್ದು ಒಂದು ತೊಟ್ಟು ಒಳಗೆ ಹೋದ್ರೂ ಅಂತ."

"ನೀವು ಕುಡಿದಿಲ್ಲ ಕಣ್ರೀ, ಅಗಿದಿದೀರಿ! ಯಾರಿಗೂ ಗೊತ್ತಿಲ್ಲ. ಸೈಟು ಹೋಗತ್ತೆ, ಗೊತ್ತಾ? ಮಗಳಿಗೆ ಅಂತ ಇರೋದು ಅದೊಂದೇ."

ಇವರು ಕೊನೆಯ ಜೋಡಿ ಚಪ್ಪಲಿಯನ್ನು ಕಪಾಟಿಗೆ ಸೇರಿಸಿದರು. "ಯಾರಿಗೂ ಗೊತ್ತಿಲ್ಲ ಅನ್ಕೊಂಡೇ ಕಣೇ ನಾನು ಅಷ್ಟು ವರ್ಷ ಕುಡಿದಿದ್ದು. ಇದೊಂದು ಮುಚ್ಚಿಟ್ರೆ ಮುಂದಿನ್ದು ಮುಚ್ಚಿಡೋದು ಈಸಿ ಆಗೋಗತ್ತೆ. ನನ್ನ ನನಗೆ ಗೊತ್ತು."

ನಾನು ಬೈದೆ. ಹರಿಶ್ಚಂದ್ರನ ತುಂಡು ಎಂದೆ, ಇನ್ನೂ ಏನೇನೋ ಎಂದೆ. ಆದರೆ ಶನಿವಾರ ಬೆಳಿಗ್ಗೆ ಇವರಿಗಿಂತ ಮೊದಲು ಚಪ್ಪಲಿ ಮೆಟ್ಟಿದವಳೂ ನಾನೇ. ಸತ್ಯ ಹೇಳುವುದಾದರೆ ಸರಿಯಾಗಿಯಾದರೂ ಹೇಳಲಿ, ನಾನಿದ್ದರೆ ವಿವರಿಸಬಹುದು ಎಂದು ನನ್ನ ಲೆಕ್ಕಾಚಾರ.

ಅಂಗಡಿಯಲ್ಲಿ ಇವರು ಲಕೋಟೆ ಕೊಡುವ ಮೊದಲೇ ಸೊಂಟ ಬಗ್ಗಿಸಿ ನಿಂತರು. "ಈ ತಿಂಗಳು ನನ್ನ ಮೈಯೊಳಗೆ ಮದ್ಯ ಹೋಗಿದೆ. ದಯವಿಟ್ಟು ಕ್ಷಮಿಸಿ," ಎಂದರು. ಅಷ್ಟೇ! ಮುಂದೆ ಒಂದು ಅಕ್ಷರವಿಲ್ಲ. ಇಲ್ಲಿ ಕ್ಷಮೆ ಕೇಳುವಾಗ ಕಾರಣ ಹೇಳಬಾರದು, ಹೇಳಿದರೆ ನೆಪ ಹೇಳಿದಂತೆ. ಇವರು ಇಲ್ಲಿಯ ಆಫೀಸಿನಲ್ಲಿ ಅದನ್ನು ಚೆನ್ನಾಗಿ ಕಲಿತುಬಿಟ್ಟಿದ್ದರು. ನಾನು ಕಲಿತಿರಲಿಲ್ಲ. ನಮ್ಮಲ್ಲಿ ಕ್ಷಮೆ ಬೇಕಾದರೆ ಬಿಟ್ಟುಹೋಗಬಹುದು, ಕಾರಣ ಬಿಟ್ಟುಹೋಗುವುದುಂಟೇ? ಅಜ್ಜಿಯ ಮುಖ ಕಲ್ಲಾಗುತ್ತಿತ್ತು. ಕೈಯನ್ನು ಆಗಲೇ ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದರು.

"ಸುಮಿಮಾಸೆನ್, ಕ್ಷಮಿಸಿ! ಉಪ್ಪಿನಕಾಯಿ!" ಎಂದು ನಾನು ಕೂಗಿದೆ. "ಕುಡಿದಿಲ್ಲ, ನಾರಾ ಉಪ್ಪಿನಕಾಯಿ ತಿಂದದ್ದು!"

ಅಜ್ಜಿ ನನ್ನ ಕಡೆ ತಿರುಗಿದರು. "ಎಷ್ಟು ತಿಂದ?"

ನಾನು ಎರಡೂ ಅಂಗೈ ಸೇರಿಸಿ ಬಟ್ಟಲು ಮಾಡಿ ತೋರಿಸಿದೆ.

"ಅಷ್ಟೊಂದಾ? ಯಾವುದರ ಜೊತೆ?"

"ಅನ್ನದ ಜೊತೆ. ಅನ್ನಕ್ಕೆ ಮೊಸರು ಹಾಕಿ."

ಕೈ ಮುರಿದಾಗಲೂ ಅಜ್ಜಿಯ ಮುಖ ಅಷ್ಟು ಕೆಟ್ಟಿರಲಿಕ್ಕಿಲ್ಲ. ಅನ್ನಕ್ಕೆ ಮೊಸರೇ, ಒಕುಸಾನ್, ಅಮ್ಮಾವರೇ, ನಿಜವಾಗಿಯೂ ಅನ್ನಕ್ಕೇ ಹಾಕುತ್ತೀರಾ ಎಂದು ಮತ್ತೆ ಮತ್ತೆ ಕೇಳಿದರು. ಹೌದು, ಒಗ್ಗರಣೆ ಕೂಡ ಹಾಕುತ್ತೇವೆ ಎಂದೆ. ಇವರು ಇನ್ನೂ ಬಗ್ಗಿಯೇ ಇದ್ದರು. ಅಜ್ಜಿ ಬಹಳ ಹೊತ್ತು ಆ ಬಗ್ಗಿದ ಬೆನ್ನನ್ನು ನೋಡಿ, "ಆಸ್ಪತ್ರೆಯವರು ಏನು ಬರೆದುಕೊಡುತ್ತಾರೋ ನೋಡೋಣ. ಮುಂದಿನ ತಿಂಗಳು ಬಾ," ಎಂದು ಒಳಗೆ ಹೋದರು. ಬಿಟ್ಟೆ ಎಂದೂ ಅನ್ನಲಿಲ್ಲ, ಬಿಡುವುದಿಲ್ಲ ಎಂದೂ ಅನ್ನಲಿಲ್ಲ.

ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ ಸೈಟು ಇನ್ನೂ ಗಾಳಿಯಲ್ಲೇ ತೂಗುತ್ತಿತ್ತು. ಆದರೂ ನನಗೆ ಹೆಮ್ಮೆಯಾಗುತ್ತಿತ್ತು. ಹೇಳಲು ಸಂಕೋಚವೇನಿಲ್ಲ, ಎದೆ ಉಬ್ಬುವಷ್ಟು ಹೆಮ್ಮೆ. ಪಕ್ಕದಲ್ಲಿ ತೋಫು ಚೀಲ ಹಿಡಿದು ನಡೆಯುತ್ತಿದ್ದ ಈ ಮನುಷ್ಯ ನನ್ನ ಗಂಡ ಎಂದು ಆ ಬೀದಿಯಲ್ಲಿ ಎಲ್ಲರಿಗೂ ಕಾಣಲಿ ಎಂದು ಹತ್ತಿರವೇ ನಡೆದೆ.

ಅಕ್ಟೋಬರಿನಲ್ಲಿ ಆಸ್ಪತ್ರೆಯವರು ಪ್ರಮಾಣಪತ್ರ ಕೊಟ್ಟರು. ಆ ಶನಿವಾರ ಕೊನೆಯ ಲಕೋಟೆಯ ಜೊತೆ ಅದನ್ನೂ ಹಿಡಿದು ಇಬ್ಬರೂ ಹೋದೆವು. ಅಜ್ಜಿ ಕೈ ತೊಳೆದು, ಒರೆಸಿ, ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು. ಪತ್ರ ಮಡಚುತ್ತಾ, ಸೋಯಾ ಕಾಳಿನ ದರ ಹೇಳುವ ದನಿಯಲ್ಲಿ ಹೇಳಿದರು:

"ಅರ್ಧ ಬಿಡುತ್ತೇನೆಂದು ನಾನು ಕೋರ್ಟಿನಲ್ಲಿ ಹೇಳಿದ್ದು ಒಳ್ಳೆಯತನಕ್ಕಲ್ಲ. ಇಂಥ ಚಿಕಿತ್ಸೆಯನ್ನು ಯಾರೂ ಮುಗಿಸುವುದಿಲ್ಲ, ಧೈರ್ಯವಾಗಿ ಹೇಳಿ ಎಂದು ಅಳಿಯ ಅಂದ. ನನಗೂ ಹಾಗೇ ಅನ್ನಿಸಿತ್ತು. ಪ್ರತಿ ತಿಂಗಳೂ ನಿನ್ನ ಮುಖದಲ್ಲಿ ಹುಡುಕುತ್ತಿದ್ದೆ, ಇವತ್ತು ಸಿಕ್ಕಿಬೀಳುತ್ತಾನೆ ಎಂದು. ಸಿಗಲಿಲ್ಲ. ನೀನಾಗಿಯೇ ಬಂದು ಬಗ್ಗಿ ನಿಂತೆಯಲ್ಲ, ಅವತ್ತು ಗೊತ್ತಾಯಿತು ನನ್ನ ಹಣ ಹೋಯಿತು ಅಂತ."

ಹಣ ಪೂರ್ತಿ ಮುಟ್ಟಿತು, ಇನ್ನೇನೂ ಬಾಕಿಯಿಲ್ಲ ಎಂದು ಬರೆದ ಕಾಗದ ಆಗಲೇ ಸಿದ್ಧವಾಗಿತ್ತು. ಮುರಿದು ಕೂಡಿದ ಕೈಯಲ್ಲೇ ಅದರ ಮೇಲೆ ಸಹಿಯ ಬದಲು ತಮ್ಮ ಹೆಸರಿನ ಮುದ್ರೆ ಒತ್ತಿದರು. ಇವರು ಅರಿಗಾತೋ ಎಂದು ಕೃತಜ್ಞತೆ ಹೇಳಿದಾಗ ಅಜ್ಜಿ, "ನನಗ್ಯಾಕೆ ಹೇಳುತ್ತೀ, ನಾನು ಕೊಟ್ಟದ್ದಲ್ಲ," ಎಂದು ಮತ್ತೆ ಒಲೆಯ ಹತ್ತಿರ ಹೋದರು.

ಮನೆಗೆ ಬಂದವಳೇ ಮೈಸೂರಿಗೆ ಫೋನು ಹಚ್ಚಿದೆ. ಮೈದುನನ ಮನೆಯಲ್ಲಿರುವ ನಮ್ಮ ಅತ್ತೆ ಯಾವ ವಿಷಯವನ್ನೂ ಪೂರ್ತಿ ಕೇಳಿಸಿಕೊಳ್ಳುವವರಲ್ಲ. ಸಾಲ ಅರ್ಧವಾಯಿತು ಅನ್ನುವಷ್ಟರಲ್ಲೇ, "ಅಯ್ಯೋ, ಆ ಮುದುಕಿ ಪುಣ್ಯಾತ್ಗಿತ್ತಿ ಕಣಮ್ಮಾ. ಪಾಪ ಅಂತ ಅರ್ಧ ಬಿಟ್ಟುಬಿಟ್ರಾ?" ಎಂದರು. ಇವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು.

"ಯಾರೂ ಏನೂ ಬಿಟ್ಟಿಲ್ಲ ಅತ್ತೆ," ಅಂದೆ, ಎಲ್ಲ ಮಹಡಿಗೂ ಕೇಳುವ ಹಾಗೆ. "ನಿಮ್ಮ ಮಗ ಪೂರ್ತಿ ಕಟ್ಟಿದಾರೆ. ಅರ್ಧ ದುಡಿದು ಕಟ್ಟಿದ್ರು, ಅರ್ಧ ಕುಡೀದೇ ಕಟ್ಟಿದ್ರು."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅತ್ತೆ ಏನೆಂದೆ, ಏನೆಂದೆ ಎಂದು ಕೇಳುತ್ತಿದ್ದರು. ನಾನು ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದೆ.